ವಾಚಕರ ಪ್ರಶ್ನೋತ್ತರ: ಏರಿನಲ್ಲಿ ನಿಲ್ಲುವ ವಿದ್ಯುತ್ ಸ್ಕೂಟರ್

ಈ ಸಲ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಬ್ಯಾಟರಿಯಿಂದ ಓಡುವ ಸಣ್ಣ ಗಾಡಿಗಳಿಗೆ ಸಂಬಂಧಿಸಿವೆ. ಅವುಗಳಲ್ಲೂ 250 ವ್ಯಾಟ್ ಮೀರದ ಮೋಟಾರ್ ಇರುವ, ಗಂಟೆಗೆ 25 ಕಿಲೋಮೀಟರ್ ದಾಟದ, ನೋಂದಣಿಯೂ ಲೈಸೆನ್ಸೂ ಬೇಡದ ಸ್ಕೂಟರುಗಳ ಪತ್ರಗಳೇ ಜಾಸ್ತಿ. ಇಂಥ ಗಾಡಿಗಳು ಈಗ ಸಣ್ಣ ಊರುಗಳಲ್ಲೂ ಓಡಾಡುತ್ತಿವೆ, ಆದರೆ ಅವುಗಳ ಎಲೆಕ್ಟ್ರಿಕಲ್ ಕೆಲಸ ಬಲ್ಲವರು ಎಲ್ಲ ಊರುಗಳಲ್ಲೂ ಸಿಗುವುದಿಲ್ಲ. ಅಳತೆ ಮಾಡದೆ ಒಂದೊಂದೇ ಭಾಗ ಬದಲಿಸುತ್ತ ಹೋದ ಕಾರಣ ಹಣ ಕಳೆದುಕೊಂಡವರ ಪತ್ರಗಳನ್ನು ಓದಿದಾಗ ಬೇಸರವಾಗುತ್ತದೆ. ಆದ್ದರಿಂದ ಈ ಸಂಚಿಕೆಯ ಉತ್ತರಗಳು ಸ್ವಲ್ಪ ಉದ್ದವಾಗಿವೆ.

ನಿಂತಲ್ಲೇ ಮಾಡುವ ಯಾವ ಪರೀಕ್ಷೆಗೂ ಮೊದಲು ಗಾಡಿಯನ್ನು ಸೆಂಟರ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಹಿಂದಿನ ಚಕ್ರ ನೆಲಕ್ಕೆ ತಾಗದಂತೆ ನೋಡಿಕೊಳ್ಳಿ, ಏಕೆಂದರೆ ಪರೀಕ್ಷೆಯ ನಡುವೆ ಚಕ್ರ ಹಠಾತ್ತನೆ ತಿರುಗಬಹುದು. ಉಂಗುರ, ಬಳೆ, ಲೋಹದ ಪಟ್ಟಿಯ ಗಡಿಯಾರಗಳನ್ನು ತೆಗೆದಿಡಿ. 48 ವೋಲ್ಟ್ ಒಣಗಿದ ಕೈಗೆ ಶಾಕ್ ಹೊಡೆಯುವುದು ಅಪರೂಪ. ಆದರೆ ಬ್ಯಾಟರಿಯ ಎರಡು ತುದಿಗಳಿಗೆ ಸ್ಪ್ಯಾನರ್ ಅಡ್ಡ ಬಿದ್ದರೆ ನೂರಾರು ಆಂಪಿಯರ್ ಹರಿದು ಸ್ಪ್ಯಾನರ್ ಕ್ಷಣದಲ್ಲಿ ಕೆಂಪಾಗುತ್ತದೆ, ಬೆರಳಿನ ಉಂಗುರ ನಡುವೆ ಸಿಕ್ಕರೆ ಬೆರಳೇ ಸುಟ್ಟುಹೋಗುತ್ತದೆ. ಸ್ಪ್ಯಾನರಿನ ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿಕೊಂಡೇ ಬ್ಯಾಟರಿಯ ಬಳಿ ಹೋಗಿ.

ಪ್ರಶ್ನೆ: ನನ್ನದು ನಾಲ್ಕು ಲೆಡ್ ಆಸಿಡ್ ಬ್ಯಾಟರಿಗಳ 48 ವೋಲ್ಟಿನ ಸ್ಕೂಟರ್. ಕೊಂಡು ಎರಡು ವರ್ಷವಾಗಿದೆ. ಸಮತಟ್ಟಾದ ರಸ್ತೆಯಲ್ಲಿ ಚೆನ್ನಾಗಿ ಓಡುತ್ತದೆ. ಮನೆಗೆ ಬರುವ ದಾರಿಯಲ್ಲಿ ಒಂದು ಏರು ಇದೆ, ಅದರ ನಡುವೆ ಒಮ್ಮೆಲೇ ನಿಂತುಬಿಡುತ್ತದೆ. ಕೀ ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಸ್ವಲ್ಪ ದೂರ ಹೋಗಿ ಪುನಃ ನಿಲ್ಲುತ್ತದೆ. ಮೆಕ್ಯಾನಿಕ್ ಮೀಟರ್ ಇಟ್ಟು ನೋಡಿ, 51 ವೋಲ್ಟ್ ಇದೆ, ಬ್ಯಾಟರಿ ಸರಿಯಾಗಿದೆ, ಕಂಟ್ರೋಲರ್ ಬದಲಿಸಬೇಕು ಎಂದಿದ್ದಾರೆ. ಬದಲಿಸಲೇ?
ಶಿಕ್ಷಕಿ, ಶಿರಸಿ

ಉತ್ತರ: ದಯವಿಟ್ಟು ಈಗಲೇ ಬದಲಿಸಬೇಡಿ. ಬ್ಯಾಟರಿಯಿಂದ ಮೋಟಾರಿಗೆ ಹೋಗುವ ಕರೆಂಟನ್ನು ನಿಯಂತ್ರಿಸುವ ಪೆಟ್ಟಿಗೆಯೇ ಕಂಟ್ರೋಲರ್. ನೀವು ಬರೆದಿರುವ ಲಕ್ಷಣಗಳನ್ನು ನೋಡಿದರೆ ಕಂಟ್ರೋಲರ್ ಕೆಟ್ಟಿರುವುದಕ್ಕಿಂತ ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿರುವ ಸಾಧ್ಯತೆಯೇ ಹೆಚ್ಚು.

ನಿಂತ ಗಾಡಿಯಲ್ಲಿ 51 ವೋಲ್ಟ್ ಎಂದರೆ ಒಂದೊಂದು ಬ್ಯಾಟರಿಗೆ ಸುಮಾರು 12.75 ವೋಲ್ಟ್. ಪೂರ್ತಿ ಚಾರ್ಜಾದ ಬ್ಯಾಟರಿ ವಿಶ್ರಾಂತಿಯಲ್ಲಿ ತೋರಿಸುವ ಅಂಕಿ ಇದು. ಆದರೆ ಬ್ಯಾಟರಿ ಎಷ್ಟು ಗಟ್ಟಿ ಎಂಬುದನ್ನು ಈ ಅಂಕಿ ಹೇಳುವುದಿಲ್ಲ. ಸಮತಟ್ಟಾದ ರಸ್ತೆಯಲ್ಲಿ ನಿಮ್ಮ ಮೋಟಾರ್ ಐದಾರು ಆಂಪಿಯರ್ ಎಳೆಯುತ್ತದೆ, ಏರಿನಲ್ಲಿ ಅದೇ ಮೋಟಾರ್ 15ರಿಂದ 20 ಆಂಪಿಯರ್ ಕೇಳುತ್ತದೆ. ಬ್ಯಾಟರಿ ಹಳೆಯದಾದಂತೆ ಅದರ ಒಳಗಿನ ರೆಸಿಸ್ಟೆನ್ಸ್ ಹೆಚ್ಚುವುದರಿಂದ, ಕರೆಂಟ್ ಹೆಚ್ಚಿದಷ್ಟೂ ವೋಲ್ಟೇಜ್ ಕುಸಿಯುತ್ತದೆ. ಲೆಡ್ ಆಸಿಡ್ ಬ್ಯಾಟರಿಯನ್ನು 10.5 ವೋಲ್ಟಿಗಿಂತ ಕೆಳಗೆ ಎಳೆದರೆ ಅದು ಬೇಗ ಹಾಳಾಗುತ್ತದೆಂಬ ಕಾರಣಕ್ಕೆ 48 ವೋಲ್ಟಿನ ಕಂಟ್ರೋಲರುಗಳನ್ನು ಸಾಮಾನ್ಯವಾಗಿ ಅದರ ನಾಲ್ಕು ಪಟ್ಟು, ಅಂದರೆ 42 ವೋಲ್ಟಿನ ಸುತ್ತಮುತ್ತ ಮೋಟಾರನ್ನು ನಿಲ್ಲಿಸುವಂತೆ ಮಾಡಿರುತ್ತಾರೆ. ಮೋಟಾರ್ ನಿಂತೊಡನೆ ಭಾರ ಇಳಿಯುತ್ತದೆ, ವೋಲ್ಟೇಜ್ ಕೆಲವೇ ಕ್ಷಣಗಳಲ್ಲಿ ಮೇಲೆ ಬರುತ್ತದೆ, ನೀವು ಕೀ ಆಫ್ ಮಾಡಿ ಆನ್ ಮಾಡಿದಾಗ ಎಲ್ಲವೂ ಸರಿಯಿದ್ದಂತೆ ಕಾಣುತ್ತದೆ. ಗಾಡಿ ಅಂಗಡಿ ಮುಟ್ಟುವ ಹೊತ್ತಿಗೆ ಮೀಟರಿನಲ್ಲಿ 51 ಇರುವುದು ಸಹಜ.

ಆದ್ದರಿಂದ ಅಳೆಯಬೇಕಾದದ್ದು ಗಾಡಿ ಏರು ಹತ್ತುತ್ತಿರುವಾಗ. ಕೀ ಮತ್ತು ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನಾಗಿ ಕಡಿಯುವ ಸ್ವಿಚ್) ಎರಡನ್ನೂ ಆಫ್ ಮಾಡಿ, ಮೊದಲನೆಯ ಬ್ಯಾಟರಿಯ ಎರಡು ತುದಿಗಳಿಗೆ ತೆಳುವಾದ ಎರಡು ಉದ್ದ ವೈರುಗಳನ್ನು ಭದ್ರವಾಗಿ ಕಟ್ಟಿ ಸೀಟಿನ ಹೊರಗೆ ತನ್ನಿ. ಆ ವೈರುಗಳು ಒಂದಕ್ಕೊಂದು ತಾಗದಂತೆ ನೋಡಿಕೊಳ್ಳಿ, ಪ್ರತಿಯೊಂದರ ಬುಡದಲ್ಲೂ ಒಂದು ಆಂಪಿಯರಿನ ಫ್ಯೂಸ್ ಹಾಕಿಸಿದರೆ ಇನ್ನೂ ಒಳ್ಳೆಯದು. ವಾಹನ ಸಂಚಾರವಿಲ್ಲದ ಹೊತ್ತಿನಲ್ಲಿ, ಹಿಂದೆ ಕುಳಿತವರು ಮೀಟರ್ ಹಿಡಿದು ಓದುತ್ತಿರುವಾಗ ನೀವು ಅದೇ ಏರನ್ನು ಹತ್ತಿ. ಸವಾರರು ಮೀಟರಿನತ್ತ ನೋಡಲೇಬಾರದು. ಹೀಗೆ ನಾಲ್ಕು ಬ್ಯಾಟರಿಗಳನ್ನೂ ಒಂದೊಂದಾಗಿ ನೋಡಿ. ಮೂರು ಬ್ಯಾಟರಿಗಳು 11.5 ವೋಲ್ಟಿನಲ್ಲಿ ನಿಂತು ನಾಲ್ಕನೆಯದು 7ಕ್ಕೆ ಕುಸಿದರೆ ಒಟ್ಟು 41.5 ಆಗುತ್ತದೆ, ಕಂಟ್ರೋಲರ್ ಕೈಬಿಡುತ್ತದೆ. ಹನ್ನೆರಡು ವೋಲ್ಟಿನ ಬ್ಯಾಟರಿಯೊಳಗೆ ಎರಡೆರಡು ವೋಲ್ಟಿನ ಆರು ಸೆಲ್ ಇರುತ್ತವೆ. ಒಂದೆರಡು ಸೆಲ್ ಸತ್ತರೂ ವಿಶ್ರಾಂತಿಯಲ್ಲಿ ಅದು ಗೊತ್ತಾಗದೆ, ಭಾರ ಬಿದ್ದಾಗ ಮಾತ್ರ ಬಯಲಾಗುವುದುಂಟು. ರಸ್ತೆಯಲ್ಲಿ ಈ ಪರೀಕ್ಷೆ ಬೇಡವೆನಿಸಿದರೆ ಬ್ಯಾಟರಿ ಅಂಗಡಿಯಲ್ಲಿ ಲೋಡ್ ಟೆಸ್ಟರ್ ಇಟ್ಟು ಒಂದೊಂದನ್ನೇ ನೋಡಿಸಿ. ಬರಿಯ ಮೀಟರಿನ ಅಂಕಿ ಹೇಳಿ ಕಳಿಸಿದರೆ ಒಪ್ಪಬೇಡಿ.

ನಾಲ್ಕೂ ಬ್ಯಾಟರಿಗಳು ಸಮನಾಗಿ 11.7ರ ಸುತ್ತ ನಿಂತು, ಆದರೂ ಗಾಡಿ ನಿಲ್ಲುತ್ತಿದ್ದರೆ ಆಗ ದೋಷ ಬ್ಯಾಟರಿಗೂ ಕಂಟ್ರೋಲರಿಗೂ ನಡುವೆ ಇರುವ ಸಾಧ್ಯತೆ ಹೆಚ್ಚು. ಈ ದೋಷವನ್ನು ಬಹಳ ಮಂದಿ ನೋಡುವುದೇ ಇಲ್ಲ. ಎಂಸಿಬಿಯ ಸ್ಕ್ರೂ, ಬ್ಯಾಟರಿಯಿಂದ ಬ್ಯಾಟರಿಗೆ ಹೋಗುವ ತುಂಡು ವೈರುಗಳ ಲಗ್ಗು (ತುದಿಯ ಲೋಹದ ಬಿಲ್ಲೆ), ಕಂಟ್ರೋಲರಿನ ದಪ್ಪ ಕನೆಕ್ಟರ್, ಇವುಗಳಲ್ಲಿ ಯಾವುದಾದರೂ ಸಡಿಲವಾಗಿ 0.2 ಓಮ್ ರೆಸಿಸ್ಟೆನ್ಸ್ ಬಂದರೆ, 20 ಆಂಪಿಯರ್ ಹರಿಯುವಾಗ ಅಲ್ಲೇ 4 ವೋಲ್ಟ್ ನಷ್ಟವಾಗುತ್ತದೆ, 80 ವ್ಯಾಟಿನಷ್ಟು ಶಾಖ ಹುಟ್ಟುತ್ತದೆ. ರೇಡಿಯೋ ರಿಪೇರಿಯವರು ಬೆಸುಗೆಗೆ ಬಳಸುವ ಕಾವಿನ ಕಡ್ಡಿ 25 ವ್ಯಾಟಿನದು ಎಂಬುದನ್ನು ನೆನೆದರೆ ಆ ಒಂದು ಸ್ಕ್ರೂವಿನ ಕೆಳಗೆ ಏನಾಗುತ್ತಿದೆ ಎಂಬುದು ತಿಳಿಯುತ್ತದೆ. ಎಂಸಿಬಿಯ ಬಿಳಿ ಪ್ಲಾಸ್ಟಿಕ್ ಸ್ಕ್ರೂವಿನ ಸುತ್ತ ಕಂದು ಬಣ್ಣಕ್ಕೆ ತಿರುಗಿದೆಯೇ, ಆ ಜಾಗದಲ್ಲಿ ವೈರಿನ ಹೊದಿಕೆ ಗಡುಸಾಗಿ ಬಿರುಕು ಬಿಟ್ಟಿದೆಯೇ, ಕನೆಕ್ಟರಿನ ಒಂದು ತೂತು ಕರಗಿ ಅಂಡಾಕಾರವಾಗಿದೆಯೇ ಎಂದು ನೋಡಿ. ಏರು ಹತ್ತಿ ಬಂದ ಕೂಡಲೇ ಆಫ್ ಮಾಡಿ ಬೆರಳಿನ ಹಿಂಬದಿಯನ್ನು ಪ್ಲಾಸ್ಟಿಕ್ಕಿನ ಹತ್ತಿರ ಒಯ್ದರೆ ಬಿಸಿಯಾದ ಜೋಡಣೆ ಯಾವುದೆಂದು ಗೊತ್ತಾಗುತ್ತದೆ. ಅಂಕಿಯೇ ಬೇಕೆಂದರೆ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿ ಸಾಲಿನ ಪಾಸಿಟಿವ್ ತುದಿಗೂ ಇನ್ನೊಂದನ್ನು ಕಂಟ್ರೋಲರಿನ ಪಾಸಿಟಿವ್ ವೈರಿಗೂ ಇಟ್ಟು ಭಾರದಲ್ಲಿ ನೋಡಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಆ ದಾರಿಯಲ್ಲಿ ದೋಷವಿದೆ. ನೆಗೆಟಿವ್ ಕಡೆಗೂ ಇದೇ ಪರೀಕ್ಷೆ ಮಾಡಿ.

ಎಂಸಿಬಿಯ ಮಾತು ಬಂದದ್ದರಿಂದ ಒಂದು ವಿಷಯ ಹೇಳಬೇಕು. ಹಳೆಯದು ಸುಟ್ಟುಹೋದಾಗ ಮನೆಯ ವೈರಿಂಗಿಗೆ ಹಾಕುವ ಎಸಿ ಎಂಸಿಬಿಯನ್ನೇ ಗಾಡಿಗೆ ಹಾಕಿಕೊಡುವ ರೂಢಿ ಇದೆ. ಎಸಿ ಕರೆಂಟ್ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುವುದರಿಂದ ಅದರ ಕಿಡಿ ತಾನಾಗಿ ಆರುತ್ತದೆ. ಡಿಸಿಯಲ್ಲಿ ಹಾಗೆ ಆರುವುದಿಲ್ಲ. ಡಿಸಿ ಎಂದು ಮುದ್ರೆ ಇರುವ, ನಿಮ್ಮ ಪ್ಯಾಕಿನ ವೋಲ್ಟೇಜಿಗೆ ಒಪ್ಪುವ ಎಂಸಿಬಿಯನ್ನೇ ಕೇಳಿ ಹಾಕಿಸಿ.

ಒಂದೇ ಬ್ಯಾಟರಿ ಸೋತದ್ದು ಖಚಿತವಾದರೆ ಅದು ಏಕೆ ಮೊದಲು ಸೋತಿತು ಎಂದೂ ನೋಡಬೇಕು. ಹಾರನ್ನಿಗೋ ಹೆಚ್ಚುವರಿ ದೀಪಕ್ಕೋ 12 ವೋಲ್ಟ್ ಬೇಕೆಂದು ಕೆಲವರು ನಾಲ್ಕರಲ್ಲಿ ಒಂದೇ ಬ್ಯಾಟರಿಯಿಂದ ನೇರವಾಗಿ ವೈರ್ ಎಳೆದಿರುತ್ತಾರೆ. ಆ ಬ್ಯಾಟರಿ ದಿನವೂ ಉಳಿದ ಮೂರಕ್ಕಿಂತ ಹೆಚ್ಚು ಖಾಲಿಯಾಗುತ್ತದೆ, ಚಾರ್ಜರ್ ಮಾತ್ರ ನಾಲ್ಕಕ್ಕೂ ಒಂದೇ ಕರೆಂಟ್ ಕೊಡುತ್ತದೆ. ಹೀಗೆ ತಿಂಗಳುಗಟ್ಟಲೆ ನಡೆದರೆ ಆ ಒಂದು ಬ್ಯಾಟರಿ ಸಾಯುವುದು ಖಂಡಿತ. ಅಂಥ ವೈರ್ ಇದ್ದರೆ ತೆಗೆಸಿ. ಇನ್ನು ಒಂದನ್ನೇ ಬದಲಿಸಬೇಕೇ, ನಾಲ್ಕನ್ನೂ ಬದಲಿಸಬೇಕೇ ಎಂಬ ಪ್ರಶ್ನೆ: ಎರಡು ವರ್ಷ ದುಡಿದ ಮೂರು ಬ್ಯಾಟರಿಗಳ ಜೊತೆ ಹೊಸದೊಂದನ್ನು ಸೇರಿಸಿದರೆ ಕೆಲವು ಕಾಲ ಗಾಡಿ ಓಡುತ್ತದೆ, ಆಮೇಲೆ ಹಳೆಯ ಮೂರರಲ್ಲಿ ದುರ್ಬಲವಾದದ್ದು ಇದೇ ತೊಂದರೆ ಕೊಡುತ್ತದೆ. ನನ್ನ ಅಭಿಪ್ರಾಯದಲ್ಲಿ ನಿಮ್ಮ ಗಾಡಿಗೆ ಒಂದೇ ಕಂಪನಿಯ, ಒಂದೇ ಸಾಮರ್ಥ್ಯದ, ಒಂದೇ ತಿಂಗಳು ತಯಾರಾದ ನಾಲ್ಕು ಬ್ಯಾಟರಿಗಳನ್ನು ಒಟ್ಟಿಗೆ ಹಾಕಿಸುವುದೇ ಲಾಭ.

ಪ್ರಶ್ನೆ: ಮಳೆಗಾಲದಲ್ಲಿ ಕೆಲವು ದಿನ ಅಂಗಳದಲ್ಲಿ ನಿಂತಿದ್ದ ಸ್ಕೂಟರ್ ಈಗ ಚಲಿಸುತ್ತಿಲ್ಲ. ಕೀ ಆನ್ ಮಾಡಿದರೆ ಡಿಸ್‌ಪ್ಲೇ ಬರುತ್ತದೆ, ಬ್ಯಾಟರಿ ಫುಲ್ ತೋರಿಸುತ್ತದೆ, ಲೈಟು ಹಾರನ್ನು ಎಲ್ಲ ಸರಿಯಿವೆ. ಎಕ್ಸಲರೇಟರ್ ತಿರುಗಿಸಿದರೆ ಮಾತ್ರ ಸದ್ದೇ ಇಲ್ಲ. ಎಲ್ಲಿಂದ ಹುಡುಕಲು ಆರಂಭಿಸಲಿ?
ಓದುಗರು, ಕುಂದಾಪುರ

ಉತ್ತರ: ಹಿಂದಿನ ಬ್ರೇಕ್ ಲೈಟಿನಿಂದ ಆರಂಭಿಸಿ. ಬ್ರೇಕ್ ಹಿಡಿಯದಿದ್ದರೂ ಅದು ಉರಿಯುತ್ತಿದ್ದರೆ ಕೆಲಸ ಅರ್ಧ ಮುಗಿದಂತೆ. ಇಂಥ ಗಾಡಿಗಳಲ್ಲಿ ಬ್ರೇಕ್ ಲಿವರಿನೊಳಗೆ ಒಂದು ಸಣ್ಣ ಸ್ವಿಚ್ ಇದ್ದು, ಬ್ರೇಕ್ ಹಿಡಿದೊಡನೆ ಕಂಟ್ರೋಲರಿಗೆ ಮೋಟಾರ್ ನಿಲ್ಲಿಸುವ ಸೂಚನೆ ಕೊಡುತ್ತದೆ. ಲಿವರ್ ಪೂರ್ತಿ ಹಿಂದಕ್ಕೆ ಬಾರದಿದ್ದರೆ ಅಥವಾ ಸ್ವಿಚ್ಚಿನೊಳಗೆ ನೀರು ಸೇರಿದ್ದರೆ, ಬ್ರೇಕ್ ಹಿಡಿದೇ ಇದೆ ಎಂದು ಕಂಟ್ರೋಲರ್ ತಿಳಿಯುತ್ತದೆ. ಎರಡು ಲಿವರುಗಳನ್ನೂ ಕೈಯಿಂದ ಹೊರಕ್ಕೆ ತಳ್ಳಿ ನೋಡಿ. ಸೈಡ್ ಸ್ಟ್ಯಾಂಡಿನ ಸ್ವಿಚ್ ಇರುವ ಗಾಡಿಯಾದರೆ ಅದನ್ನೂ ಪರೀಕ್ಷಿಸಿ. ಅದು ಚಕ್ರದ ಕೆಸರು ನೇರವಾಗಿ ಹಾರುವ ಜಾಗದಲ್ಲಿರುತ್ತದೆ. ದೋಷ ಹುಡುಕಲು ಈ ಸ್ವಿಚ್ಚುಗಳ ಕನೆಕ್ಟರನ್ನು ಒಂದು ಸಲ ಬಿಚ್ಚಿ ನೋಡಬಹುದು, ಆದರೆ ಬಿಚ್ಚಿದ ಹಾಗೆಯೇ ಗಾಡಿ ಓಡಿಸುವುದು ಬೇಡ. ಎಕ್ಸಲರೇಟರ್ ಸಿಕ್ಕಿಕೊಂಡ ದಿನ ಮೋಟಾರನ್ನು ಬಿಡಿಸುವುದು ಆ ಸ್ವಿಚ್ಚೇ.

ಅಲ್ಲಿ ದೋಷವಿಲ್ಲದಿದ್ದರೆ ಎಕ್ಸಲರೇಟರಿನ ಮೂರು ವೈರುಗಳಿಗೆ ಬನ್ನಿ. ಹಿಡಿಯೊಳಗೆ ಒಂದು ಆಯಸ್ಕಾಂತವೂ ಅದನ್ನು ಗುರುತಿಸುವ ಒಂದು ಹಾಲ್ ಸೆನ್ಸರ್ ಕೂಡ ಇರುತ್ತವೆ. ಕೆಂಪು ವೈರಿನಲ್ಲಿ ಕಂಟ್ರೋಲರಿನಿಂದ 5 ವೋಲ್ಟ್ ಬರುತ್ತದೆ, ಕಪ್ಪು ನೆಗೆಟಿವ್, ಮೂರನೆಯದು ಸಿಗ್ನಲ್. ಕನೆಕ್ಟರನ್ನು ಬಿಚ್ಚದೆ, ಹಿಂಬದಿಯಿಂದ ಮೀಟರಿನ ಕಡ್ಡಿ ತೂರಿಸಿ, 20 ವೋಲ್ಟಿನ ಡಿಸಿ ರೇಂಜಿನಲ್ಲಿ ಅಳೆಯಿರಿ. ಕಪ್ಪು ಕಡ್ಡಿಯನ್ನು ಅದೇ ಕನೆಕ್ಟರಿನ ಕಪ್ಪು ವೈರಿಗೆ ಇಡಬೇಕು, ಚಾಸಿಗೆ ಇಡಬಾರದು. ಪೆಟ್ರೋಲ್ ಗಾಡಿಗಳಂತೆ ಇವುಗಳಲ್ಲಿ ಚಾಸಿಗೆ ನೆಗೆಟಿವ್ ಕೊಟ್ಟಿರುತ್ತಾರೆಂದು ನಂಬಿಕೊಂಡರೆ ಅಳತೆಯೆಲ್ಲ ತಪ್ಪುತ್ತದೆ. ಹಿಡಿ ಬಿಟ್ಟಾಗ ಸಿಗ್ನಲ್ ವೈರಿನಲ್ಲಿ 0.8ರಿಂದ 1 ವೋಲ್ಟ್, ಪೂರ್ತಿ ತಿರುಗಿಸಿದಾಗ 3.5ರಿಂದ 4.2 ವೋಲ್ಟ್ ಬರಬೇಕು, ನಡುವೆ ಎಲ್ಲೂ ಜಿಗಿಯದೆ ಏರಬೇಕು. ಹಿಡಿ ಬಿಟ್ಟಿರುವಾಗಲೇ ಒಂದೂವರೆ ಎರಡು ವೋಲ್ಟ್ ಇದ್ದರೆ, ಕೀ ಆನ್ ಮಾಡಿದ ಕ್ಷಣ ಗಾಡಿ ನೆಗೆಯಬಾರದೆಂದು ಬಹುಪಾಲು ಕಂಟ್ರೋಲರುಗಳು ಮೋಟಾರನ್ನು ಆರಂಭಿಸುವುದೇ ಇಲ್ಲ. ನೀರು ಸೇರಿದ ಹಿಡಿಯಲ್ಲಿ ಹೀಗಾಗುವುದುಂಟು.

ಆ 5 ವೋಲ್ಟೇ ಇಲ್ಲದಿದ್ದರೆ ಕಂಟ್ರೋಲರ್ ಸತ್ತಿದೆ ಎಂದು ತೀರ್ಮಾನಿಸುವ ಮೊದಲು ಒಂದು ಪರೀಕ್ಷೆ ಬಾಕಿ ಇದೆ. ಎಕ್ಸಲರೇಟರಿಗೂ ಮೋಟಾರಿನೊಳಗಿನ ಹಾಲ್ ಸೆನ್ಸರುಗಳಿಗೂ ಸಾಮಾನ್ಯವಾಗಿ ಅದೇ 5 ವೋಲ್ಟ್ ಹೋಗುತ್ತದೆ. ಮೋಟಾರಿನ ಬಳಿ ವೈರ್ ಜಜ್ಜಿ ಶಾರ್ಟ್ ಆಗಿದ್ದರೂ ಎಕ್ಸಲರೇಟರಿನಲ್ಲಿ ವೋಲ್ಟೇಜ್ ಸಿಗುವುದಿಲ್ಲ. ಮೊದಲು ಎಕ್ಸಲರೇಟರಿನ ಕನೆಕ್ಟರ್ ಬಿಚ್ಚಿ ಕಂಟ್ರೋಲರ್ ಕಡೆಯಿಂದ ಅಳೆಯಿರಿ. 5 ವೋಲ್ಟ್ ಮರಳಿದರೆ ಹಿಡಿಯಲ್ಲೋ ಅದರ ವೈರಿನಲ್ಲೋ ಶಾರ್ಟ್ ಇದೆ. ಆಗಲೂ ಬಾರದಿದ್ದರೆ ಮೋಟಾರಿನ ಐದು ತೆಳು ವೈರುಗಳ ಕನೆಕ್ಟರ್ ಬಿಚ್ಚಿ ನೋಡಿ. ಎರಡನ್ನೂ ಬಿಚ್ಚಿದ ಮೇಲೂ ಸೊನ್ನೆಯೇ ಇದ್ದು, ಕಂಟ್ರೋಲರಿನ ದಪ್ಪ ವೈರಿಗೂ ಕೀಯಿಂದ ಬರುವ ತೆಳು ವೈರಿಗೂ ಬ್ಯಾಟರಿಯ ಪೂರ್ತಿ ವೋಲ್ಟೇಜ್ ತಲುಪುತ್ತಿದ್ದರೆ, ಆಗ ಮಾತ್ರ ಕಂಟ್ರೋಲರನ್ನು ದೂರಬಹುದು.

ನಿಮ್ಮದು ಕಡಲ ತಡಿಯ ಊರು. ಉಪ್ಪಿನ ಗಾಳಿ ಮತ್ತು ಮಳೆ ಸೇರಿದರೆ ಕನೆಕ್ಟರುಗಳ ಒಳಗೆ ಹಸಿರು ಕಿಲುಬು ಕಟ್ಟುವುದು ಬೇಗ. ಬ್ಯಾಟರಿ ಕನೆಕ್ಷನ್ ತೆಗೆದು, ಒಂದೊಂದೇ ಕನೆಕ್ಟರನ್ನು ಬಿಚ್ಚಿ, ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಪೂರ್ತಿ ಆರಿದ ಮೇಲೆ ತೆಳ್ಳಗೆ ಸಿಲಿಕೋನ್ ಗ್ರೀಸ್ ಹಚ್ಚಿ ಜೋಡಿಸಿ. ಪೆಟ್ರೋಲ್ ಹಾಕಿ ತೊಳೆಯುವ ಅಭ್ಯಾಸ ಇಲ್ಲಿ ಬೇಡವೇ ಬೇಡ. ಪ್ರೆಷರ್ ಪಂಪಿನಿಂದ ಗಾಡಿ ತೊಳೆಸುವುದನ್ನೂ ಬಿಡಿ, ನೆನೆಸಿದ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಪ್ರಶ್ನೆ: ಪಂಕ್ಚರ್ ಹಾಕಿಸಿಕೊಂಡು ಬಂದ ದಿನದಿಂದ ಸ್ಕೂಟರ್ ಹೊರಡುವಾಗ ಗರಗರ ಸದ್ದು ಮಾಡಿ ನಡುಗುತ್ತದೆ. ಕಾಲಿನಿಂದ ತಳ್ಳಿದರೆ ಓಡುತ್ತದೆ. ಮೋಟಾರ್ ಹೋಗಿದೆಯೇ?
ಅಂಗಡಿ ಮಾಲೀಕರು, ದಾವಣಗೆರೆ

ಉತ್ತರ: ಪಂಕ್ಚರಿನ ವಿಷಯ ಬರೆದು ಒಳ್ಳೆಯದು ಮಾಡಿದಿರಿ, ಉತ್ತರ ಅಲ್ಲೇ ಇದೆ ಎನ್ನಬಹುದು. ನಿಮ್ಮ ಗಾಡಿಯ ಮೋಟಾರ್ ಹಿಂದಿನ ಚಕ್ರದೊಳಗೇ ಇದೆ. ಅದರ ವೈರುಗಳೆಲ್ಲ ಟೊಳ್ಳಾದ ಆಕ್ಸಲಿನ ತುದಿಯಿಂದ ಹೊರಬರುತ್ತವೆ. ಚಕ್ರ ಬಿಚ್ಚಿ ಕೂರಿಸುವಾಗ ಆ ಕೇಬಲ್ ನಟ್ಟಿಗೂ ಚಾಸಿಗೂ ನಡುವೆ ಸಿಕ್ಕಿ ಜಜ್ಜಿರಬಹುದು, ಅಥವಾ ಆಕ್ಸಲ್ ತಿರುಗದಂತೆ ತಡೆಯುವ ವಾಷರನ್ನು ಮರಳಿ ಹಾಕದೆ ಬಿಟ್ಟಿದ್ದರೆ ಆಕ್ಸಲ್ ತಾನೇ ತಿರುಗಿ ಕೇಬಲನ್ನು ಹಿಂಡಿರಬಹುದು. ಮೊದಲು ಆ ತುದಿಯನ್ನು ಟಾರ್ಚ್ ಹಿಡಿದು ನೋಡಿ. ವಾಷರ್ ಇಲ್ಲದಿದ್ದರೆ ಅದನ್ನು ಹಾಕಿಸುವ ತನಕ ಗಾಡಿ ಓಡಿಸಬೇಡಿ.

ಮೋಟಾರಿನಿಂದ ಬರುವ ಮೂರು ದಪ್ಪ ವೈರುಗಳು ಮೋಟಾರಿಗೆ ಕರೆಂಟ್ ಒಯ್ಯುವ ಫೇಸ್ ವೈರುಗಳು; ಐದು ತೆಳು ವೈರುಗಳು ಹಾಲ್ ಸೆನ್ಸರುಗಳಿಗೆ ಸೇರಿದವು. ಚಕ್ರ ಯಾವ ಸ್ಥಾನದಲ್ಲಿದೆ ಎಂಬುದನ್ನು ಮೂರು ಸೆನ್ಸರುಗಳು ಹೇಳುತ್ತಿರಬೇಕು, ಅದಕ್ಕೆ ತಕ್ಕಂತೆ ಕಂಟ್ರೋಲರ್ ಫೇಸುಗಳಿಗೆ ಕರೆಂಟ್ ಹಂಚುತ್ತದೆ. ಒಂದು ಸೆನ್ಸರಿನ ಸುದ್ದಿ ನಿಂತರೂ ಹೊರಡುವಾಗ ಮೋಟಾರ್ ಹಿಂದೆ ಮುಂದೆ ಅದುರುತ್ತದೆ. ಕೀ ಆನ್ ಮಾಡಿ, ಎಕ್ಸಲರೇಟರ್ ಮುಟ್ಟದೆ, ಕಪ್ಪು ವೈರಿಗೆ ಒಂದು ಕಡ್ಡಿ ಇಟ್ಟು ಹಳದಿ, ಹಸಿರು, ನೀಲಿ ತೆಳು ವೈರುಗಳನ್ನು ಒಂದೊಂದಾಗಿ ಅಳೆಯುತ್ತ ಚಕ್ರವನ್ನು ಕೈಯಿಂದ ಬಹಳ ನಿಧಾನವಾಗಿ ತಿರುಗಿಸಿ. ಪ್ರತಿ ವೈರೂ ಸೊನ್ನೆಯ ಹತ್ತಿರಕ್ಕೂ 5ರ ಹತ್ತಿರಕ್ಕೂ ಸರದಿಯಂತೆ ಬದಲಾಗುತ್ತಿರಬೇಕು. ಬದಲಾಗದ ವೈರ್ ಯಾವುದೋ ಅದರಲ್ಲಿ ದೋಷ. ಮೂರೂ ಸರಿಯಿದ್ದರೆ ಫೇಸ್ ವೈರುಗಳ ಜೋಡಣೆಗಳನ್ನು ನೋಡಿ, ಒಂದು ಸಡಿಲವಾಗಿದ್ದರೂ ಇದೇ ನಡುಕ ಬರುತ್ತದೆ.

ಮೋಟಾರ್ ಸುಟ್ಟಿದೆಯೇ ಎಂಬ ನಿಮ್ಮ ಭಯಕ್ಕೆ ಮೀಟರ್ ಇಲ್ಲದೆಯೂ ಉತ್ತರ ಸಿಗುತ್ತದೆ. ಎಲ್ಲವನ್ನೂ ಆಫ್ ಮಾಡಿ ಚಕ್ರ ತಿರುಗಿಸಿ. ಹಗುರವಾಗಿ ತಿರುಗಿದರೆ ಸಮಾಧಾನ. ಬ್ರೇಕ್ ಹಿಡಿದಂತೆ ತಡೆತಡೆದು ತಿರುಗಿದರೆ ಮೂರು ದಪ್ಪ ವೈರುಗಳನ್ನು ಕಂಟ್ರೋಲರಿನಿಂದ ಬಿಚ್ಚಿ, ಒಂದಕ್ಕೊಂದು ತಾಗದಂತೆ ಇಟ್ಟು ಮತ್ತೆ ತಿರುಗಿಸಿ. ಆಗ ಹಗುರವಾದರೆ ಕಂಟ್ರೋಲರಿನೊಳಗೆ ಕರೆಂಟನ್ನು ಆನ್ ಆಫ್ ಮಾಡುವ ಮಾಸ್ಫೆಟ್ ಎಂಬ ಭಾಗ ಶಾರ್ಟ್ ಆಗಿದೆ. ಆಗಲೂ ತಡೆಯುತ್ತಿದ್ದರೆ ಮೋಟಾರಿನ ಸುರುಳಿಯಲ್ಲಿ ಅಥವಾ ಆ ಕೇಬಲಿನಲ್ಲೇ ಶಾರ್ಟ್ ಇದೆ. ಕೇಬಲ್ ಜಜ್ಜಿರುವ ಸಾಧ್ಯತೆ ನಿಮ್ಮಲ್ಲಿ ಇರುವುದರಿಂದ ಅದನ್ನು ಸರಿಪಡಿಸುವ ಮೊದಲು ಮೋಟಾರನ್ನಾಗಲಿ ಕಂಟ್ರೋಲರನ್ನಾಗಲಿ ಬದಲಿಸಬೇಡಿ. ಜಜ್ಜಿದ ಕೇಬಲ್ ಹಾಗೇ ಇದ್ದರೆ ಹೊಸ ಕಂಟ್ರೋಲರನ್ನೂ ಸುಡುತ್ತದೆ.

ಪ್ರಶ್ನೆ: ಗಾಡಿ ಚೆನ್ನಾಗಿ ಓಡುತ್ತದೆ. ಹೆಡ್‌ಲೈಟ್, ಇಂಡಿಕೇಟರ್, ಹಾರನ್ ಮೂರೂ ಒಟ್ಟಿಗೆ ಹೋಗಿವೆ.
ವಿದ್ಯಾರ್ಥಿ, ಕಲಬುರಗಿ

ಉತ್ತರ: 48 ವೋಲ್ಟನ್ನು 12ಕ್ಕೆ ಇಳಿಸುವ ಕನ್ವರ್ಟರ್ ಎಂಬ ಸಣ್ಣ ಪೆಟ್ಟಿಗೆ ಸೀಟಿನ ಕೆಳಗೋ ಮುಂದಿನ ಹೊದಿಕೆಯ ಒಳಗೋ ಇರುತ್ತದೆ. ಮೊದಲು ಅದರ ಫ್ಯೂಸ್ ನೋಡಿ. ಒಳಹೋಗುವ ವೈರಿನಲ್ಲಿ ಬ್ಯಾಟರಿಯ ವೋಲ್ಟೇಜ್ ಇದ್ದು, ಹೊರಬರುವ ವೈರಿನಲ್ಲಿ 12 ವೋಲ್ಟ್ ಇಲ್ಲದಿದ್ದರೆ ಹೊರಬದಿಯ ಕನೆಕ್ಟರ್ ಬಿಚ್ಚಿ ಮತ್ತೆ ಅಳೆಯಿರಿ. ಬಿಚ್ಚಿದಾಗ 12 ವೋಲ್ಟ್ ಬಂದರೆ ಕನ್ವರ್ಟರ್ ಸರಿಯಿದೆ, ಮುಂದೆ ಎಲ್ಲೋ ಶಾರ್ಟ್ ಇದೆ. ಹೆಚ್ಚುವರಿ ಎಲ್ಇಡಿ ದೀಪ, ಜೋರು ಹಾರನ್ ಹಾಕಿಸಿದ್ದೀರಾ ಎಂದು ನೀವು ಬರೆದಿಲ್ಲ. 10 ಆಂಪಿಯರಿನ ಕನ್ವರ್ಟರ್ ಒಟ್ಟು 120 ವ್ಯಾಟ್ ಮಾತ್ರ ಕೊಡಬಲ್ಲದು. ನಿಮ್ಮೂರಿನ ಬೇಸಿಗೆಯಲ್ಲಿ ಅಷ್ಟನ್ನೂ ಕೊಡಲಾರದು. ಸರಿಯಾಗುವವರೆಗೆ ಸಂಜೆಯ ಮೇಲೆ ಗಾಡಿ ತೆಗೆಯಬೇಡಿ.

ಪ್ರಶ್ನೆ: ಚಾರ್ಜಿಗೆ ಹಾಕಿದ ತಕ್ಷಣ ಚಾರ್ಜರಿನಲ್ಲಿ ಹಸಿರು ದೀಪ ಬರುತ್ತದೆ, ಗಾಡಿ ಮಾತ್ರ ಚಾರ್ಜ್ ಆಗಿರುವುದಿಲ್ಲ. ನಮ್ಮ ಹಳ್ಳಿಯಲ್ಲಿ ಸಂಜೆ ವೋಲ್ಟೇಜ್ ಬಹಳ ಕಡಿಮೆ.
ರೈತರು, ಹಾವೇರಿ ಜಿಲ್ಲೆ

ಉತ್ತರ: ಹಸಿರು ದೀಪಕ್ಕೆ ಬ್ಯಾಟರಿ ತುಂಬಿದೆ ಎಂಬುದೊಂದೇ ಅರ್ಥವಲ್ಲ, ಚಾರ್ಜರಿನಿಂದ ಕರೆಂಟ್ ಹೋಗುತ್ತಿಲ್ಲ ಎಂದಷ್ಟೇ ಅದು ಹೇಳುತ್ತದೆ. ದಾರಿ ಎಲ್ಲೋ ಕಡಿದಿದ್ದರೂ ಹಸಿರೇ ಬರುತ್ತದೆ. ಚಾರ್ಜರ್ ತೆಗೆದಿಟ್ಟು ಗಾಡಿಯ ಚಾರ್ಜಿಂಗ್ ಸಾಕೆಟ್ಟಿನಲ್ಲಿ ಮೀಟರ್ ಇಟ್ಟು ನೋಡಿ. ಬ್ಯಾಟರಿಯ ವೋಲ್ಟೇಜ್ ಅಲ್ಲಿ ಕಾಣಿಸದಿದ್ದರೆ ಸಾಕೆಟ್ಟಿನ ಹಿಂದಿನ ಫ್ಯೂಸ್ ಹೋಗಿರುತ್ತದೆ, ಇಲ್ಲವೇ ವೈರ್ ಕಳಚಿರುತ್ತದೆ. ಕೊಟ್ಟಿಗೆಯ ಪಕ್ಕ ಗಾಡಿ ನಿಲ್ಲುವುದಾದರೆ ಇಲಿ ಕಡಿದಿರುವ ಸಂಭವವೂ ಇದೆ. ಕೆಲವು ಗಾಡಿಗಳಲ್ಲಿ ಎಂಸಿಬಿ ಆನ್ ಇದ್ದರೆ ಮಾತ್ರ ಚಾರ್ಜ್ ಆಗುತ್ತದೆ ಎಂಬುದು ನೆನಪಿರಲಿ.

ಸಾಕೆಟ್ಟಿನಲ್ಲಿ ವೋಲ್ಟೇಜ್ ಇದ್ದರೆ ಚಾರ್ಜರಿನ ತುದಿಯನ್ನು ಅಳೆಯಿರಿ. 48 ವೋಲ್ಟಿನ ಲೆಡ್ ಆಸಿಡ್ ಚಾರ್ಜರ್ 55ರಿಂದ 59 ವೋಲ್ಟಿನ ನಡುವೆ ತೋರಿಸಬೇಕು. ಬ್ಯಾಟರಿ ಸಿಕ್ಕಿದ ಮೇಲಷ್ಟೇ ವೋಲ್ಟೇಜ್ ಕೊಡುವ ಚಾರ್ಜರುಗಳೂ ಇರುವುದರಿಂದ ಇಲ್ಲಿ ಸೊನ್ನೆ ಕಂಡರೆ, ಅದೇ ಮಾದರಿಯ ಇನ್ನೊಂದು ಗಾಡಿಗೆ ಹಾಕಿ ನೋಡಿದ ನಂತರವೇ ತೀರ್ಮಾನಕ್ಕೆ ಬನ್ನಿ. ಹಳ್ಳಿಯ ವೋಲ್ಟೇಜಿನ ಪ್ರಶ್ನೆಗೆ ಉತ್ತರ ಚಾರ್ಜರಿನ ಮೇಲಿನ ಚೀಟಿಯಲ್ಲೇ ಇದೆ. ಇನ್‌ಪುಟ್ ಎಂದು ಬರೆದಿರುವ ಕನಿಷ್ಠ ವೋಲ್ಟೇಜಿಗಿಂತ ನಿಮ್ಮ ಮನೆಯ ಕರೆಂಟ್ ಕೆಳಗಿಳಿದರೆ ಅದು ಕೆಲಸ ನಿಲ್ಲಿಸಬಹುದು. ಅಂಥ ಕಡೆ ರಾತ್ರಿ ಹತ್ತರ ಮೇಲೆ, ಪಂಪುಸೆಟ್ಟುಗಳ ಭಾರ ಇಳಿದಾಗ ಚಾರ್ಜಿಗೆ ಹಾಕಿ. ಅರ್ತ್ ಇರುವ ಮೂರು ಪಿನ್ನಿನ ಸಾಕೆಟ್ ಬೇಕು. ಉದ್ದದ ಎಕ್ಸ್‌ಟೆನ್ಷನ್ ವೈರನ್ನು ಸುರುಳಿ ಸುತ್ತಿಟ್ಟು ಬಳಸಬೇಡಿ.

ಪ್ರಶ್ನೆ: ಲೆಡ್ ಆಸಿಡ್ ತೆಗೆಸಿ 48 ವೋಲ್ಟಿನ ಲಿಥಿಯಂ ಪ್ಯಾಕ್ ಹಾಕಿಸಿದ್ದೇನೆ. ಎರಡೂ 48 ವೋಲ್ಟೇ ಆದ್ದರಿಂದ ಹಳೆಯ ಚಾರ್ಜರೇ ಸಾಕು ಎಂದು ಅಂಗಡಿಯವರು ಹೇಳಿದರು. ಫ್ಲೈಓವರ್ ಏರುವಾಗ ಗಾಡಿ ಒಮ್ಮೊಮ್ಮೆ ಪೂರ್ತಿ ಆಫ್ ಆಗುತ್ತದೆ.
ಓದುಗರು, ಬೆಂಗಳೂರು

ಉತ್ತರ: ಇದನ್ನು ಓದಿದೊಡನೆ ಹಳೆಯ ಚಾರ್ಜರ್ ಬಳಸುವುದನ್ನು ನಿಲ್ಲಿಸಿ. 48 ವೋಲ್ಟ್ ಎಂಬುದು ಹೆಸರಿಗಷ್ಟೇ ಒಂದೇ. ಎನ್ಎಂಸಿ (ನಿಕಲ್, ಮ್ಯಾಂಗನೀಸ್, ಕೋಬಾಲ್ಟ್) ಮಾದರಿಯ ಪ್ಯಾಕ್ ಆಗಿದ್ದರೆ ಸಾಲಿನಲ್ಲಿ ಸಾಮಾನ್ಯವಾಗಿ 13 ಸೆಲ್ ಇರುತ್ತವೆ, ಒಂದೊಂದು 4.2 ವೋಲ್ಟ್ ಮೀರಬಾರದು, ಹಾಗಾಗಿ ಪ್ಯಾಕಿನ ಮಿತಿ 54.6 ವೋಲ್ಟ್. ನಿಮ್ಮ ಹಳೆಯ ಚಾರ್ಜರ್ 58.8 ವೋಲ್ಟಿನವರೆಗೆ ಏರಬಲ್ಲದು, ಅಂದರೆ ಸೆಲ್ ಒಂದಕ್ಕೆ ನಾಲ್ಕೂವರೆ ವೋಲ್ಟ್. ಇಂದು ಅದನ್ನು ತಡೆಯುತ್ತಿರುವುದು ಪ್ಯಾಕಿನೊಳಗೆ ಸೆಲ್ಲುಗಳನ್ನು ಕಾಯುವ ಬಿಎಂಎಸ್ ಎಂಬ ಸರ್ಕ್ಯೂಟ್ ಒಂದೇ. ಅದು ಕೈಕೊಟ್ಟ ದಿನ ಬೆಂಕಿಗೆ ಅಡ್ಡಿಯೇ ಇರುವುದಿಲ್ಲ. 16 ಸೆಲ್ಲಿನ ಎಲ್ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಪ್ಯಾಕಾದರೆ ಮಿತಿ 58.4 ವೋಲ್ಟ್, ಹತ್ತಿರವಿದೆಯೆಂದು ಅಲ್ಲೂ ಹಳೆಯ ಚಾರ್ಜರ್ ಸಲ್ಲದು. ನಿಮ್ಮ ಪ್ಯಾಕ್ ಯಾವ ಬಗೆಯದು, ಎಷ್ಟು ಸೆಲ್ಲಿನದು ಎಂಬುದನ್ನು ಅಂಗಡಿಯವರಿಂದ ಬರೆಸಿಕೊಂಡು, ಅದಕ್ಕೆಂದೇ ಮಾಡಿದ ಚಾರ್ಜರ್ ಕೊಳ್ಳಿ. 2022ರಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ಹತ್ತಿದ ನಂತರ ಕೇಂದ್ರ ಸರ್ಕಾರ ಎಐಎಸ್ 156 ಎಂಬ ಬ್ಯಾಟರಿ ಸುರಕ್ಷತೆಯ ಮಾನಕವನ್ನು ಬಿಗಿಗೊಳಿಸಿತು. ಆ ಮಾನಕದ ಪ್ರಕಾರ ಪರೀಕ್ಷೆಯಾದ ಪ್ಯಾಕ್ ಹೌದೇ ಎಂದು ಕೇಳುವ ಹಕ್ಕು ನಿಮಗಿದೆ.

ಫ್ಲೈಓವರಿನಲ್ಲಿ ಆಫ್ ಆಗುವುದು ಶಿರಸಿಯವರ ಪ್ರಶ್ನೆಯಂತೆ ಕಂಡರೂ ಕಾರಣ ಬೇರೆ ಇರಬಹುದು. ಮೋಟಾರ್ ಮಾತ್ರ ನಿಂತು ಡಿಸ್‌ಪ್ಲೇ ಉಳಿದರೆ ಕಂಟ್ರೋಲರ್ ನಿಲ್ಲಿಸಿದೆ ಎಂದೂ, ಡಿಸ್‌ಪ್ಲೇ ಸಮೇತ ಎಲ್ಲವೂ ಆರಿದರೆ ಬಿಎಂಎಸ್ ಕರೆಂಟನ್ನು ಕಡಿದಿದೆ ಎಂದೂ ಸಾಮಾನ್ಯವಾಗಿ ತಿಳಿಯಬಹುದು. ಕಂಟ್ರೋಲರ್ 20 ಆಂಪಿಯರ್ ಎಳೆಯುವಂಥದ್ದಾಗಿದ್ದು ಬಿಎಂಎಸ್ 15 ಆಂಪಿಯರಿನದಾಗಿದ್ದರೆ ಏರಿನಲ್ಲಿ ಹೀಗೇ ಆಗುತ್ತದೆ. ಬಿಎಂಎಸ್ ಬೈಪಾಸ್ ಮಾಡಿಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಗಾಡಿಯನ್ನು ಅಲ್ಲಿಂದ ವಾಪಸು ತನ್ನಿ. ಪ್ಯಾಕ್ ಉಬ್ಬಿದ್ದರೆ, ಬಿದ್ದು ಜಜ್ಜಿದ್ದರೆ, ರಾಜಕಾಲುವೆ ಉಕ್ಕಿದಾಗ ನೀರಿನಲ್ಲಿ ಮುಳುಗಿದ್ದರೆ ಅದನ್ನು ಚಾರ್ಜ್ ಮಾಡಬಾರದು, ಮನೆಯಲ್ಲಿ ಬಿಚ್ಚಲೂಬಾರದು. ಅಪಾರ್ಟ್‌ಮೆಂಟಿನ ಮೆಟ್ಟಿಲಿನ ಕೆಳಗೆ ಚಾರ್ಜಿಗೆ ಹಾಕುವ ರೂಢಿಯಂತೂ ತೀರ ಅಪಾಯಕಾರಿ. ಬೆಂಕಿ ಹತ್ತಿದರೆ ಮೇಲಿನ ಮನೆಗಳವರೆಲ್ಲ ಇಳಿದುಬರುವ ದಾರಿ ಅದೊಂದೇ.

ಪ್ರಶ್ನೆ: ಹಲವು ವರ್ಷಗಳಿಂದ ಶೆಡ್ಡಿನಲ್ಲಿರುವ ಹಳೆಯ ರೇವಾ ಕಾರನ್ನು ಮತ್ತೆ ಓಡಿಸುವ ಆಸೆ. ಚಾರ್ಜಿಗೆ ಹಾಕಿ ನೋಡಬಹುದೇ?
ನಿವೃತ್ತ ಅಧಿಕಾರಿ, ಮೈಸೂರು

ಉತ್ತರ: 2001ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆಯಾದ ಆ ಪುಟ್ಟ ವಿದ್ಯುತ್ ಕಾರನ್ನು ಉಳಿಸಿಕೊಳ್ಳಬೇಕೆಂಬ ನಿಮ್ಮ ಆಸೆ ಮೆಚ್ಚತಕ್ಕದ್ದು. ಆದರೆ ನೇರವಾಗಿ ಚಾರ್ಜಿಗೆ ಹಾಕಬೇಡಿ. ಮುಂದಿನ ಸೀಟುಗಳ ಕೆಳಗೆ 6 ವೋಲ್ಟಿನ ಎಂಟು ಲೆಡ್ ಆಸಿಡ್ ಬ್ಯಾಟರಿಗಳು ಸಾಲಾಗಿ ಸೇರಿ 48 ವೋಲ್ಟ್ ಆಗಿವೆ. ವರ್ಷಗಟ್ಟಲೆ ಚಾರ್ಜಿಲ್ಲದೆ ಇದ್ದ ಬ್ಯಾಟರಿಯ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತಿರುತ್ತದೆ. ಒಳಗಿನ ನೀರೂ ಇಂಗಿರುತ್ತದೆ. ಅಂಥವನ್ನು ಜೀವಂತಗೊಳಿಸುವ ಪ್ರಯತ್ನದಲ್ಲಿ ಸಮಯವೂ ಹಣವೂ ವ್ಯರ್ಥವಾಗುತ್ತವೆಂಬುದು ನನ್ನ ಖಚಿತ ಅಭಿಪ್ರಾಯ. ಎಂಟನ್ನೂ ತೆಗೆಸಿ, ಖಾಲಿ ಜಾಗವನ್ನು ಅಡುಗೆ ಸೋಡಾ ಬೆರೆಸಿದ ನೀರಿನಿಂದ ಒರೆಸಿ ಆಸಿಡ್ ಕಲೆ ಕಳೆದು, ಇಲಿ ಕಡಿದ ವೈರುಗಳನ್ನು, ಫ್ಯೂಸುಗಳನ್ನು, ದಪ್ಪ ಕೇಬಲುಗಳ ಲಗ್ಗುಗಳನ್ನು ಮೊದಲು ಸರಿಪಡಿಸಿಕೊಳ್ಳಿ. ಆಮೇಲೆ ಹೊಸ ಬ್ಯಾಟರಿಗಳ ಖರ್ಚಿಗೆ ಕೈಹಾಕಿ. ಚಾರ್ಜಾಗುವಾಗ ಈ ಬಗೆಯ ಬ್ಯಾಟರಿಗಳಿಂದ ಹೈಡ್ರೋಜನ್ ಹೊರಬರುವುದರಿಂದ ಶೆಡ್ಡಿನ ಬಾಗಿಲು ತೆರೆದಿರಬೇಕು.

ಪ್ರಶ್ನೆ: ಈ ಕೆಲಸಗಳಿಗೆ ಯಾವ ಮೀಟರ್ ಕೊಳ್ಳಲಿ?
ಐಟಿಐ ವಿದ್ಯಾರ್ಥಿನಿ, ಹಾಸನ

ಉತ್ತರ: ಡಿಸಿ ವೋಲ್ಟೇಜ್, ಓಮ್ ಮತ್ತು ಕಂಟಿನ್ಯುಯಿಟಿಯ (ವೈರ್ ಕಡಿದಿಲ್ಲವೆಂದು ತಿಳಿಸುವ) ಬೀಪ್ ಇರುವ ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು. ಬ್ಯಾಟರಿ ಸಾಲಿಗೆ 200 ವೋಲ್ಟಿನ ರೇಂಜ್, ಎಕ್ಸಲರೇಟರ್ ಮತ್ತು ಹಾಲ್ ಸೆನ್ಸರಿಗೆ 20 ವೋಲ್ಟಿನ ರೇಂಜ್ ಇಟ್ಟುಕೊಳ್ಳಿ. ಮುಂದೆ ಕ್ಲ್ಯಾಂಪ್ ಮೀಟರ್ ಕೊಳ್ಳುವುದಾದರೆ ಡಿಸಿ ಕರೆಂಟ್ ಅಳೆಯುತ್ತದೆಯೇ ಎಂದು ವಿಚಾರಿಸಿ ಕೊಳ್ಳಿ, ಏಕೆಂದರೆ ಅಗ್ಗದ ಕ್ಲ್ಯಾಂಪ್ ಮೀಟರುಗಳಲ್ಲಿ ಅನೇಕವು ಎಸಿ ಕರೆಂಟ್ ಮಾತ್ರ ಅಳೆಯುತ್ತವೆ, ಈ ಗಾಡಿಗಳಲ್ಲಿ ಅವು ಸೊನ್ನೆ ತೋರಿಸುತ್ತವೆ. ಮಲ್ಟಿಮೀಟರಿನಲ್ಲಿ 10 ಆಂಪಿಯರ್ ಎಂದು ಗುರುತಿರುವ ತೂತಿಗೆ ಕೆಂಪು ಕಡ್ಡಿ ಹಾಕಿ ಬ್ಯಾಟರಿಯ ತುದಿಗಳಿಗೆ ಇಟ್ಟರೆ ಅದು ನೇರ ಶಾರ್ಟ್ ಆಗುತ್ತದೆ. ಮೀಟರ್ ಕೈಯಲ್ಲೇ ಸಿಡಿಯಬಹುದು. ಪ್ರತಿ ಸಲ ಕಡ್ಡಿಯನ್ನು ಬ್ಯಾಟರಿಗೆ ಮುಟ್ಟಿಸುವ ಮೊದಲು ಅದರ ಇನ್ನೊಂದು ತುದಿ ವೋಲ್ಟಿನ ತೂತಿನಲ್ಲೇ ಇದೆಯೇ ಎಂದು ನೋಡಿಕೊಳ್ಳಿ.